ನಡುಗದ ಕೈ

ಅನಂತರಾಜು ಕುಡಿಯುತ್ತಾನೆ ಎಂದು ಊರಲ್ಲಿ ಮೊದಲು ಬಾಯಿಬಿಟ್ಟವನು ಯಾರೋ, ಅವನ ನಾಲಗೆ ಸೇದಿಹೋಗಲಿ ಎಂದು ಅಕ್ಕ ಸಿದ್ದಮ್ಮ ಬೆಳಗೂ ಬೈಗೂ ಶಪಿಸುತ್ತಿದ್ದಳು. ಶಪಿಸದೆ ಇನ್ನೇನು ಮಾಡಿಯಾಳು? ಹೆಂಡದಂಗಡಿ ಎದುರಾದರೆ ರಸ್ತೆ ದಾಟಿ ಆ ಬದಿಯಿಂದ ಹೋಗುವ ಹುಡುಗ ಅವನು. ಆದರೆ ಕೈ ನಡುಗುತ್ತಿತ್ತು. ಕಾಫಿ ಲೋಟ ಎತ್ತಿದರೆ ಅಂಗಿಯ ಮೇಲೆ ಹನಿ ಬೀಳುತ್ತಿತ್ತು, ಸಹಿ ಹಾಕು ಎಂದರೆ ಅಕ್ಷರ ಕೋಳಿ ಕೆದಕಿದ ಹಾಗಾಗುತ್ತಿತ್ತು. ನೋಡಿದವರು ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದರು. ಅವರಪ್ಪನ ಕೈಯೂ ಹೀಗೇ ನಡುಗುತ್ತಿತ್ತು, ಆತ ಕುಡಿಯುತ್ತಲೂ ಇದ್ದ. ಇನ್ನು ಕೇಳಬೇಕೆ? ಅಪ್ಪನ ಹೆಸರನ್ನು ಮಗನ ತಲೆಗೂ ಕಟ್ಟಿಬಿಟ್ಟರು.

ಅನಂತ ಚನ್ನಪಟ್ಟಣದಲ್ಲಿ ಮಕ್ಬೂಲ್ ಸಾಬರ ಶೆಡ್ಡಿನಲ್ಲಿ ಬೊಂಬೆ ಕಡೆಯುವ ಕೆಲಸ ಮಾಡುತ್ತಿದ್ದ. ಆಲೆಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ಉಳಿ ಹಿಡಿದು ರೂಪ ಕೊಟ್ಟು, ಆಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿಯಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೈ ಒಂದಿಷ್ಟು ಅಲುಗಿದರೂ ಸಾಕು, ಕೆಂಪು ಹೋಗಿ ಹಳದಿಯ ಮೇಲೆ ಕೂತುಬಿಡುತ್ತದೆ. ಹಿಂದೆ ಕುಂಕುಮದ ಭರಣಿ ಎಂದರೆ ಅನಂತನದೇ ಎನ್ನುತ್ತಿದ್ದರು. ನಡುಕ ಹೆಚ್ಚಾದ ಮೇಲೆ ಮಕ್ಬೂಲ್ ಸಾಬರು ಬೇಜಾರು ಮಾಡಿಕೊಂಡೇ ಅವನನ್ನು ಆಟದ ಗಾಡಿಗೆ ಚಕ್ರ ಕಡೆಯುವ ದಪ್ಪ ಕೆಲಸಕ್ಕೆ ಹಾಕಿದ್ದರು. ಅವನು ತುಟಿಪಿಟಕ್ಕೆನ್ನದೆ ಚಕ್ರ ಕಡೆಯುತ್ತಿದ್ದ.

ಆ ಕೈಯನ್ನು ಸಿದ್ದಮ್ಮ ಬಲ್ಲಷ್ಟು ಬೇರೆ ಯಾರೂ ಬಲ್ಲವರಲ್ಲ. ಗಂಡ ಸತ್ತ ಮೇಲೆ ಬೈರಮಂಗಲದಿಂದ ತವರಿಗೆ ಬಂದವಳು ಅವಳು, ಮಕ್ಕಳಿಲ್ಲ ಮರಿಯಿಲ್ಲ. ಬಂದ ವರ್ಷವೇ ತಾಯಿ ಕಣ್ಣು ಮುಚ್ಚಿದಳು. ಹೈಸ್ಕೂಲಿನಲ್ಲಿದ್ದ ತಮ್ಮನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಮಾತ್ರೆಗೆ ಬಗ್ಗುವ ಜಾತಿಯದಲ್ಲ. ಅಂದಿನಿಂದ ದಿನಾ ಇನ್ಸುಲಿನ್ ಸೂಜಿ. ಸೂಜಿ ಚುಚ್ಚಿಕೊಂಡು ಊಟ ತಡವಾಯಿತೋ, ಸಕ್ಕರೆ ಪಾತಾಳಕ್ಕಿಳಿದು ಎದೆ ಡವಡವ, ಕೈ ಗಡಗಡ. ಆಗ ಅವನು ಏನೂ ಹೇಳುತ್ತಿರಲಿಲ್ಲ, ಎರಡೂ ಕೈಯನ್ನು ಅಕ್ಕನ ಮುಂದೆ ಚಾಚುತ್ತಿದ್ದ. ಅವಳು ಒಂದು ಸಲ ನೋಡಿ ಬೆಲ್ಲದ ಚೂರನ್ನು ಬಾಯಿಗೆ ಹಾಕುತ್ತಿದ್ದಳು. ಅಪ್ಪನ ಕಡೆಯಿಂದ ಬಂದ ನಡುಕ ಯಾವುದು, ಸಕ್ಕರೆ ಇಳಿದ ನಡುಕ ಯಾವುದು ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಬೆರಳಿನ ರಕ್ತ ಹಚ್ಚಿ ನೋಡುವ ಮೀಟರ್ ಮನೆಯಲ್ಲಿತ್ತು, ಬೀರುವಿನ ಮೇಲೆ ಧೂಳು ಹಿಡಿದು ಕೂತಿತ್ತು. ತನ್ನ ಕಣ್ಣಿಗಿಂತ ಅದೇನು ಹೆಚ್ಚು ಎಂದು ಅವಳಿಗೊಂದು ಹೆಮ್ಮೆ. ಪಾಪ, ಹೆಮ್ಮೆಪಡಲು ಅವಳ ಬದುಕಿನಲ್ಲಿ ಇನ್ನೇನಿತ್ತು?

ಅವಳಿಗಿದ್ದ ಆಸೆ ಒಂದೇ, ತಮ್ಮನಿಗೊಂದು ಮದುವೆಯಾಗಬೇಕು. ಮಾಗಡಿ ಕಡೆ ಗುಡೇಮಾರನಹಳ್ಳಿಯ ಬೋರಲಿಂಗಯ್ಯನ ಮಗಳು ಸೌಮ್ಯ ಕೊನೆಗೂ ಒಪ್ಪಿದ್ದಳು. ಸಕ್ಕರೆ ಕಾಯಿಲೆಯನ್ನು ಸಿದ್ದಮ್ಮ ಮುಚ್ಚಿಡಲಿಲ್ಲ. ಬೋರಲಿಂಗಯ್ಯ, "ನಮ್ಮನೇಲೂ ಐತೆ ಬುಡವ್ವ, ಈಗ ಯಾರಿಗಿಲ್ಲ?" ಎಂದಿದ್ದ. ಆದರೆ ಹೆಣ್ಣು ನೋಡಲು ಹೋದ ದಿನ ಹುಡುಗಿ ಕೊಟ್ಟ ಕಾಫಿ ಅನಂತನ ಕೈಯಲ್ಲಿ ತುಳುಕಿತು, ಬೋರಲಿಂಗಯ್ಯನ ಮುಖ ಬಿಗಿಯಿತು. ಆಮೇಲೆ ಫೋನು ಬಂತು.

"ಕಾಯ್ಲೆ ಆದ್ರೆ ಸೈಸ್ಕಬೋದು ಕಣವ್ವ. ಕುಡುಕನ್ಗೆ ಮಗಳ್ನ ಕೊಡಾಕಾಗಕಿಲ್ಲ. ಮನೆ ನೋಡಾಕ್ ಬರೋದು ಒಸಿ ದಿನ ಹೋಗ್ಲಿ."

ಸಿದ್ದಮ್ಮ ಅವತ್ತು ಅನ್ನ ಮುಟ್ಟಲಿಲ್ಲ. ಮರುದಿನ ತಮ್ಮನನ್ನು ಎಳೆದುಕೊಂಡೇ ಡಾಕ್ಟರ್ ಹೇಮಶ್ರೀಯ ಕ್ಲಿನಿಕ್ಕಿಗೆ ಹೋದಳು. ಅವನ ಸಕ್ಕರೆ ಕಾಯಿಲೆಯನ್ನು ವರ್ಷಗಳಿಂದ ನೋಡುತ್ತಿದ್ದಾಕೆ ಆಕೆ. ಅನಂತನ ಕೈ ಚಾಚಿಸಿ, ಕಾಗದದ ಮೇಲೆ ಸುರುಳಿ ಬರೆಸಿ, ರಕ್ತ ಪರೀಕ್ಷೆ ಮಾಡಿಸಿ ಹೇಳಿದರು.

"ಇದು ಕುಡಿತದ ನಡುಕ ಅಲ್ಲ, ವಂಶದಲ್ಲಿ ಬರೋದು. ಇದಕ್ಕೆ ಮಾತ್ರೆ ಇದೆ. ಆದರೆ ಇನ್ಸುಲಿನ್ ತಗೊಳ್ಳೋರಿಗೆ ಅದನ್ನ ಕೊಡೋಕೆ ನನಗೆ ಮನಸ್ಸಿಲ್ಲ."

"ಅದ್ಯಾಕಮ್ಮ?" ಎಂದಳು ಸಿದ್ದಮ್ಮ.

"ನಮ್ಮ ಮೈಯಲ್ಲಿ ಒಂದು ಬಗೆಯ ನರಗಳಿವೆ ಸಿದ್ದಮ್ಮ, ಗಾಬರಿ ಎಬ್ಬಿಸೋದೇ ಅವುಗಳ ಕೆಲಸ. ಹಾವು ಕಂಡರೂ ಎಬ್ಬಿಸ್ತವೆ, ಸಕ್ಕರೆ ಇಳಿದರೂ ಎಬ್ಬಿಸ್ತವೆ. ಎದೆಗೆ 'ಬೇಗ ಬಡಿ' ಅಂತ ಸುದ್ದಿ ಕಳಿಸ್ತವೆ. ಸುದ್ದಿ ಅಂದರೆ ಒಂದು ರಸ. ಆ ರಸ ಹೋಗಿ ಹೃದಯದ ಮೇಲೆ, ಕೈಯ ಸ್ನಾಯುವಿನ ಮೇಲೆ ತನಗೆ ಅಂತಲೇ ಇರೋ ಜಾಗದಲ್ಲಿ ಕೂತರೇನೇ ಡವಡವ, ನಡುಕ ಎಲ್ಲ. ಈ ಮಾತ್ರೆ ಏನು ಮಾಡುತ್ತೆ ಅಂದರೆ, ಮೊದಲೇ ಹೋಗಿ ಆ ಜಾಗದಲ್ಲಿ ತಾನು ಕೂತುಬಿಡುತ್ತೆ. ಸುದ್ದಿ ಬರುತ್ತೆ, ಕೂರೋಕೆ ಜಾಗ ಇರಲ್ಲ."

"ಅಂಗಾರೆ ಬಸ್ಸಲ್ಲಿ ಟವಲ್ ಹಾಕಿ ಸೀಟ್ ಹಿಡ್ಕಂಡಂಗೆ!"

ಡಾಕ್ಟರಿಗೆ ನಗು ಬಂತು. "ಅದೇ. ಆದರೆ ಟವಲ್ಲಿಗೆ ಯಾರು ಒಳ್ಳೆಯವರು ಯಾರು ಕೆಟ್ಟವರು ಗೊತ್ತಾಗಲ್ಲ ನೋಡಿ. ವಂಶದ ನಡುಕಾನೂ ನಿಲ್ಲಿಸುತ್ತೆ, ಸಕ್ಕರೆ ಇಳಿದಾಗಿನ ನಡುಕಾನೂ ನಿಲ್ಲಿಸುತ್ತೆ. ಸಕ್ಕರೆ ಇಳಿದಾಗ ಲಿವರ್ ತನ್ನಲ್ಲಿರೋದನ್ನ ಹೊರಗೆ ಬಿಡಬೇಕು, ಅದಕ್ಕೂ ಅಡ್ಡ ಬರುತ್ತೆ. ಕೈ ನೋಡಿ ಸಕ್ಕರೆ ತಿಳ್ಕೊಳ್ಳೋದು ಇನ್ನು ನಡೆಯಲ್ಲ. ಉಳಿಯೋದು ಬೆವರು ಒಂದೇ. ಬೆವರಿಗೆ ಹೋಗೋ ಸುದ್ದಿಯ ರಸ ಬೇರೆ, ಅದನ್ನ ಈ ಮಾತ್ರೆ ತಡೆಯಲ್ಲ. ಸುಮ್ಮಸುಮ್ಮನೆ ಬೆವರಿದರೆ, ಮಂಕಾದರೆ, ಹೆಚ್ಚುಕಮ್ಮಿ ಮಾತಾಡಿದರೆ, ತಕ್ಷಣ ಸಕ್ಕರೆ ತಿನ್ನಿಸಬೇಕು. ದಿನಾ ಮೀಟರಿನಲ್ಲಿ ನೋಡಬೇಕು."

"ಮದ್ವೆ ಗಂಟಾದ್ರೂ ಕೊಡಿ ತಾಯಿ," ಎಂದು ಸಿದ್ದಮ್ಮ ಕೈಮುಗಿದಳು. "ನೋಡ್ಕಳಾಕೆ ನಾನಿಲ್ವಾ?"

ಡಾಕ್ಟರು ಅನಂತನ ಕಡೆ ತಿರುಗಿ, "ನೀವೇನಂತೀರ?" ಎಂದರು.

ಅವನು ತೊಡೆಯ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತಿದ್ದ. "ಕೊಡಿ ಮೇಡಂ. ಬಣ್ಣ ಗೆರೆ ದಾಟ್ದಂಗೆ ಒಂದೇ ಒಂದು ಭರಣಿ ಮಾಡ್ಬೇಕು ಅಂತ ಬೋ ಆಸೆ ಆಯ್ತದೆ," ಎಂದ.

ಕಡಿಮೆ ಪ್ರಮಾಣದಲ್ಲಿ ಶುರುಮಾಡಿ, ಎಚ್ಚರಿಕೆಯನ್ನು ಮತ್ತೊಮ್ಮೆ ಹೇಳಿ, ಅಕ್ಕನ ಬಾಯಿಂದ ಅದನ್ನು ತಿರುಗಿ ಹೇಳಿಸಿ ಕಳಿಸಿದರು. ಪ್ರೊಪ್ರಾನೊಲಾಲ್ ಎಂಬ ಆ ಮಾತ್ರೆಯ ಹೆಸರು ಸಿದ್ದಮ್ಮನ ನಾಲಗೆಗೆ ಹತ್ತಲಿಲ್ಲ. ಅವಳು ಅದನ್ನು ಕೈಮಾತ್ರೆ ಎಂದು ಕರೆದಳು.

ಅಬ್ಬಾ, ಏನು ಮಾತ್ರೆ ಅದು! ಕೆಲವೇ ದಿನಗಳಲ್ಲಿ ಅನಂತ ಲೋಟದ ತುಂಬ ಕಾಫಿ ಹಾಕಿಸಿಕೊಂಡು ಒಂದು ಹನಿ ಚೆಲ್ಲದೆ ಕುಡಿದು, ಖಾಲಿ ಲೋಟವನ್ನು ಅಕ್ಕನ ಮುಂದೆ ಬೋರಲು ಹಾಕಿ ತೋರಿಸಿದ. ಮಕ್ಬೂಲ್ ಸಾಬರು ಚಕ್ರ ಬಿಡಿಸಿ ಮತ್ತೆ ಭರಣಿಗೆ ಕೂರಿಸಿದರು. ಇಡೀ ಶೆಡ್ಡಿಗೆ ಟೀ ತರಿಸಿದರು. ಸಂಜೆ ಮನೆಗೆ ಬಂದವನ ಮುಖದಲ್ಲಿ ಒಂದು ಕಳೆ. ಸೌಮ್ಯ ಫೋನು ಮಾಡಿದರೆ ಹಿತ್ತಲಿಗೆ ಹೋಗಿ ಮಾತಾಡಿ ನಗುತ್ತಿದ್ದ. ತಮ್ಮ ಹಾಗೆ ಬಾಯಿತುಂಬ ನಕ್ಕಿದ್ದನ್ನು ಸಿದ್ದಮ್ಮ ಎಂದೂ ಕೇಳಿರಲಿಲ್ಲ. ಮೊದಮೊದಲು ಮೀಟರಿನ ಧೂಳು ಒರೆಸಿ ಹೊತ್ತುಹೊತ್ತಿಗೆ ಬೆರಳು ಚುಚ್ಚಿ ನೋಡಿದಳು. ಎಲ್ಲ ಸರಿಯಾಗೇ ಇತ್ತು. ಸರಿಯಾಗಿದೆ ಎಂದಮೇಲೆ ಹುಡುಗನ ಬೆರಳನ್ನು ದಿನಾ ಯಾಕೆ ತೂತು ಮಾಡುವುದು ಎನಿಸಿತು. ಮೀಟರು ಮತ್ತೆ ಬೀರುವಿನ ಮೇಲೆ ಹೋಯಿತು. ಯಾರಿಗಾದರೂ ಹಾಗೇ ಅನಿಸುತ್ತದೆ ಬಿಡಿ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಬೋರಲಿಂಗಯ್ಯ ಮನೆ ನೋಡಲು ಬರುತ್ತೇನೆಂದ. ಗಂಡಿನ ಮನೆ ನೋಡಿ ಒಪ್ಪಿಗೆಯಾದರೆ ಅಲ್ಲೇ ಎಲೆ ಅಡಿಕೆ ಹಿಡಿದು ಮಾತು ಮುಗಿಸುವುದು. ಸಿದ್ದಮ್ಮ ಹಿಂದಿನ ದಿನವೇ ಬೇಳೆ ಬೆಲ್ಲ ಹೊಂಚಿ ಒಬ್ಬಟ್ಟಿಗೆ ಸಿದ್ಧಮಾಡಿಕೊಂಡಳು. ಬೆಳಿಗ್ಗೆ ಫೋನು ಬಂತು. "ಹೊಂಟ್ವಿ ಕಣವ್ವ, ತಿಂಡಿ ಹೊತ್ಗೆ ಅಲ್ಲಿರ್ತೀವಿ." ತಿಂಡಿಯ ಹೊತ್ತು ಎಂದಮೇಲೆ ಅನಂತ ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡ, ಕೈಮಾತ್ರೆ ನುಂಗಿದ, ಹೊಸ ಅಂಗಿ ಹಾಕಿ ಜಗುಲಿಯಲ್ಲಿ ಕಾಯುತ್ತ ಕೂತ.

ನೆಂಟರು ಬರಲಿಲ್ಲ. ಹೊರಟವರಿಗೆ ದಾರಿಯಲ್ಲಿ ಕಬ್ಬಾಳಮ್ಮನ ನೆನಪಾಗಿದೆ. ಮಗಳ ಮದುವೆಯ ಮಾತು, ತಾಯಿಗೆ ಪೂಜೆ ಮಾಡಿಸಿ ಹೋಗೋಣ ಎಂದು ಕಾರು ತಿರುಗಿಸಿದ್ದಾರೆ. ಕಬ್ಬಾಳಿನಲ್ಲಿ ಭಾನುವಾರದ ಜನ ಕೇಳಬೇಕೆ? ಫೋನು ಮಾಡಿದಾಗಲೆಲ್ಲ "ಬಂದ್ಬುಟ್ವಿ, ಬಂದ್ಬುಟ್ವಿ" ಎನ್ನುತ್ತಿದ್ದರು. ಒಳ್ಳೆಯದಕ್ಕೆಂದೇ ಹೋದವರು, ಅವರನ್ನು ಯಾವ ಬಾಯಲ್ಲಿ ಬೈಯುವುದು? ಇಲ್ಲಿ ಮನೆ ತುಂಬ ಬೆಲ್ಲದ ಪರಿಮಳ. ನೆಂಟರ ಎಲೆಗೆ ಬಡಿಸದೆ ಮನೆಯವರು ಬಾಯಿಗೆ ಹಾಕುವಂತಿಲ್ಲ.

ಬಿಸಿಲೇರಿದ ಮೇಲೆ ಅನಂತ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

"ಅಕ್ಕಯ್ಯ, ಒಸಿ ಏನಾದ್ರೂ ಬಾಯ್ಗೆ ಹಾಕ್ಕಳ್ಳಾ? ಯಾಕೋ ಒಂಥರಾ ಆಯ್ತಾ ಐತೆ," ಎಂದು ಎರಡೂ ಕೈ ಮುಂದೆ ಚಾಚಿದ.

ಸಿದ್ದಮ್ಮ ಹೂರಣದ ಉಂಡೆ ಹಿಡಿದುಕೊಂಡೇ ನೋಡಿದಳು. ಕೈ ಅಲುಗಾಡುತ್ತಿರಲಿಲ್ಲ. ಒಂದು ಬೆರಳೂ ಮಿಸುಕಲಿಲ್ಲ. ಇಷ್ಟು ವರ್ಷ ನೋಡಿದ್ದ ಕಣ್ಣು, ನೋಡಿದ ಕೂಡಲೇ ತೀರ್ಪು ಕೊಟ್ಟಿತು.

"ಏನೂ ಆಗಿಲ್ಲ ಕಣಪ್ಪ. ಕೈ ನೋಡು ಎಂಗೈತೆ! ಅವ್ರು ಊರೊಳಕ್ಕೆ ಬಂದವ್ರಂತೆ. ಅವರ್ಗಿಂತ ಮುಂಚೆ ನೀನುಂಡ್ರೆ ಏನಂದ್ಕಂಡಾರು? ಒಸಿ ತಡ್ಕೊ."

ಅವನು ತನ್ನ ಕೈಗಳನ್ನು ತಾನೂ ಒಮ್ಮೆ ನೋಡಿಕೊಂಡ. "ಹೂಂ ಅಲ್ವಾ," ಎಂದು ನಕ್ಕು ಹೊರಗೆ ಹೋದ. ಅವನೂ ಆ ಕೈಗಳನ್ನೇ ನಂಬಿದ್ದ.

ಬೋರಲಿಂಗಯ್ಯ ಹೆಂಡತಿ ಮತ್ತು ತಮ್ಮನ ಜೊತೆ ಬಂದಿಳಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಬಂದ ನೆಂಟರಿಗೆ ಮೊದಲು ಒಂದು ಚೊಂಬು ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಅನಂತ ಕಂಠದವರೆಗೆ ತುಂಬಿದ ಚೊಂಬು ತಂದ. ಬೋರಲಿಂಗಯ್ಯ ಕೂಡಲೇ ತೆಗೆದುಕೊಳ್ಳಲಿಲ್ಲ, ಬೇಕೆಂದೇ ಒಂದು ಗಳಿಗೆ ಸುಮ್ಮನೆ ನಿಂತು ಆ ಕೈಯನ್ನೇ ನೋಡಿದ. ಒಂದು ತೊಟ್ಟು ಚೆಲ್ಲಲಿಲ್ಲ.

"ನೋಡ್ಲಾ," ಎಂದ ತಮ್ಮನ ಕಡೆ ತಿರುಗಿ, "ಕೈ ಬಂಡೆ ಇದ್ದಂಗೈತೆ. ಜನ ಸುಮ್ನೆ ಬಾಯಿಗ್ ಬಂದಂಗೆ ಆಡ್ತಾವ್ರೆ."

ಅಡಿಗೆಮನೆಯ ಬಾಗಿಲಲ್ಲಿ ನಿಂತು ಸಿದ್ದಮ್ಮ ಆ ಮಾತು ಕೇಳಿಸಿಕೊಂಡಳು. ಅವಳ ಬದುಕಿನಲ್ಲಿ ಅಂಥ ಗಳಿಗೆ ಇನ್ನೊಂದು ಬಂದಿರಲಿಲ್ಲ. ದೇವರೇ, ಇಷ್ಟು ಸಾಕು ಎಂದುಕೊಂಡಳು.

ಅನಂತನ ಹಣೆಯಿಂದ ಬೆವರು ಇಳಿಯುತ್ತಿತ್ತು. ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಮಾವನ್ನ ಕಂಡು ಎದ್ರಿಕಂಡವ್ನೆ ಕಣಣ್ಣ," ಎಂದು ಬೋರಲಿಂಗಯ್ಯನ ತಮ್ಮ ಛೇಡಿಸಿದ. ಎಲ್ಲರೂ ನಕ್ಕರು. ಬಿಸಿಲಿಗೆ ಅವರೂ ಬೆವರುತ್ತಿದ್ದರು, ಒಲೆಯ ಮುಂದಿದ್ದ ಸಿದ್ದಮ್ಮನೂ ಬೆವರುತ್ತಿದ್ದಳು. ಅವಳು ಬಂದು ಸೆರಗಿನಿಂದ ತಮ್ಮನ ಹಣೆ, ಕತ್ತು ಒರೆಸಿದಳು. "ಮಗೀನಂಗೆ ಸಾಕಿದೀಯಾ ಕಣವ್ವ," ಎಂದಳು ಬೋರಲಿಂಗಯ್ಯನ ಹೆಂಡತಿ.

"ಎಷ್ಟು ವರ್ಷಾಯ್ತಪ್ಪ ಶೆಡ್ಡಿಗೆ ಸೇರಿ?" ಎಂದು ಬೋರಲಿಂಗಯ್ಯ ಕೇಳಿದ್ದಕ್ಕೆ ಅನಂತ ತುಸು ಹೊತ್ತು ಅವನ ಮುಖ ನೋಡಿ, "ಇನ್ನೂ ಬಣ್ಣ ಹಚ್ಚಿಲ್ಲ," ಎಂದ. ಮತ್ತೆ ನಗು. ಮದುವೆಯ ಗಂಡು, ನಾಚಿಕೆ, ಬಾಯಿ ತಡವರಿಸುತ್ತದೆ ಎಂದುಕೊಂಡರು. ಅವನು ಯಾರಿಗೂ ಹೇಳದೆ ಎದ್ದು ಕೋಣೆಗೆ ಹೋಗಿ ಚಾಪೆಯ ಮೇಲೆ ಮಲಗಿಬಿಟ್ಟ.

ಎಲೆ ಹಾಕಿ ನೆಂಟರನ್ನು ಕೂರಿಸಿ ಸಿದ್ದಮ್ಮ ಅವನನ್ನು ಕರೆಯಲು ಬಂದಳು. ಕಣ್ಣು ಮುಚ್ಚಿತ್ತು. "ರಾತ್ರಿಯೆಲ್ಲ ನಿದ್ದೆ ಬಂದಿರಕಿಲ್ಲ ಪಾಪ, ಮಲಗ್ಲಿ ಬುಡವ್ವ. ಆಮೇಲ್ ಉಂಡಾನು," ಎಂದಳು ಹುಡುಗಿಯ ತಾಯಿ ನಡುಮನೆಯಿಂದ. ಸಿದ್ದಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿದಳು. ಡವಡವ ಇಲ್ಲ, ನಿಧಾನಕ್ಕೆ ಬಡಿದುಕೊಳ್ಳುತ್ತಿತ್ತು. ಕತ್ತಿನಲ್ಲಿ ಮತ್ತೆ ಬೆವರು. ಸೆಕೆ ಹಾಳಾಗ ಎಂದು ಬೈದು, ಮತ್ತೊಮ್ಮೆ ಒರೆಸಿ, ಫ್ಯಾನು ಜೋರು ಮಾಡಿದಳು. ಅವನ ಪಕ್ಕದಲ್ಲಿ ಫೋನು ಗುಂಯ್‌ಗುಟ್ಟಿತು, ಸೌಮ್ಯಳ ಹೆಸರು. ನಿದ್ದೆ ಕೆಟ್ಟೀತೆಂದು ಫೋನನ್ನು ಎತ್ತಿ ಕಿಟಕಿಯಲ್ಲಿಟ್ಟು, ನಗುತ್ತ ಬಾಗಿಲು ಮುಂದಕ್ಕೆಳೆದುಕೊಂಡಳು.

ನೆಂಟರು ಉಂಡರು. ಒಬ್ಬಟ್ಟನ್ನು ಹೊಗಳಿದರು, ಕೇಳಿ ಹಾಕಿಸಿಕೊಂಡರು. ಕೈತೊಳೆದು, ಹಿತ್ತಲು ನೋಡಿ, ಮಾತು ಶ್ರಾವಣಕ್ಕೋ ಅದಕ್ಕೂ ಮುಂಚೆಯೋ ಎಂಬಲ್ಲಿಗೆ ಬಂದು, ಸುಮಾರು ಹೊತ್ತಿನ ಮೇಲೆ ಬೋರಲಿಂಗಯ್ಯ ಎಲೆ ಅಡಿಕೆಯ ತಟ್ಟೆಗೆ ಕೈಹಾಕಿ, "ಎಲ್ಲಿ, ಹುಡುಗನ್ನ ಕರಿಯವ್ವ," ಎಂದ.

ಸಿದ್ದಮ್ಮ ಹೆಚ್ಚುಕಮ್ಮಿ ಓಡಿಯೇ ಹೋದಳು. "ಏಳು ಮಗ, ಒಪ್ಕಂಡ್ರು! ಏಳೋ!" ಎಂದು ಭುಜ ಅಲುಗಿಸಿದಳು. ಅವನು ಏಳಲಿಲ್ಲ. ಹಲ್ಲು ಕಚ್ಚಿಕೊಂಡಿತ್ತು, ಬಾಯಂಚಿನಲ್ಲಿ ನೊರೆ. ಮೈ ತಣ್ಣಗೆ, ಚಾಪೆಯೆಲ್ಲ ಒದ್ದೆ.

ಆಗ ಅವಳಿಗೆ ಗೊತ್ತಾಯಿತು. ಡಾಕ್ಟರು ತನ್ನ ಬಾಯಲ್ಲೇ ಹೇಳಿಸಿದ ಮಾತೆಲ್ಲ ಒಟ್ಟಿಗೇ ಮೈಮೇಲೆ ಬಿತ್ತು. ಅಯ್ಯಯ್ಯೋ ಎಂದು ಕಿರುಚಿ ಅಡಿಗೆಮನೆಗೆ ನುಗ್ಗಿ ಬೆಲ್ಲ ತಂದು ಹಲ್ಲಿನ ಸಂದಿಗೆ ಒತ್ತಿದಳು. ಒಳಗೆ ಹೋಗಲಿಲ್ಲ. ಹೂರಣ ಬಳಿದಳು, ಅದು ಕೆನ್ನೆಯ ಮೇಲೆ ಇಳಿಯಿತು. ಬೋರಲಿಂಗಯ್ಯ ಬಂದವನೇ ಅನಂತನನ್ನು ಹೆಗಲಿಗೆ ಹಾಕಿಕೊಂಡು ಕಾರಿಗೆ ಓಡಿದ.

ಆಸ್ಪತ್ರೆಯಲ್ಲಿ ನರಕ್ಕೆ ಸಕ್ಕರೆ ನೀರು ಏರಿಸಿದರು. ಸಕ್ಕರೆ ಏರಿತು, ಅನಂತ ಏಳಲಿಲ್ಲ. ಮೆದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿಲ್ಲ ಎಂದರು. ಅವಳು ಮಂಚದ ಪಕ್ಕ ಕೂತು ಆ ಕೈಗಳನ್ನು ಹಿಡಿದುಕೊಂಡು, "ಒಂದ್ಸಲ ನಡುಗ್ಸೋ ಮಗ, ಒಂದೇ ಒಂದ್ಸಲ," ಎಂದು ಬೇಡಿಕೊಳ್ಳುತ್ತಲೇ ಇದ್ದಳು. ಕುಡುಕ ಎನ್ನಲಿ, ಏನು ಬೇಕಾದರೂ ಅನ್ನಲಿ, ಮದುವೆ ಮನೆ ಹಾಳಾಗಲಿ, ಆ ಕೈ ನಡುಗಿದರೆ ಸಾಕಾಗಿತ್ತು ಅವಳಿಗೆ. ಅದು ನಡುಗಲಿಲ್ಲ. ಒಂದೆರಡು ದಿನ ಹಾಗೇ ಇದ್ದು, ಬೆಳಗಿನ ಹೊತ್ತು ಅನಂತ ಹೋಗಿಬಿಟ್ಟ.

ಸುದ್ದಿ ತಿಳಿದು ಡಾಕ್ಟರ್ ಹೇಮಶ್ರೀ ಬಂದರು. ಆಸ್ಪತ್ರೆಯ ವರಾಂಡದ ಗೋಡೆಗೆ ಒರಗಿ ಕೂತಿದ್ದ ಸಿದ್ದಮ್ಮನ ಪಕ್ಕ ನೆಲದ ಮೇಲೆಯೇ ಕೂತರು. ಬೋರಲಿಂಗಯ್ಯ ಅಲ್ಲೇ ಕಂಬದ ಹತ್ತಿರ ನಿಂತಿದ್ದ. ಅವನು ಮನೆಗೇ ಹೋಗಿರಲಿಲ್ಲ.

"ನಂದೂ ತಪ್ಪಿದೆ ಸಿದ್ದಮ್ಮ," ಎಂದರು ಡಾಕ್ಟರು. "ನಾನು ಒಪ್ಪಬಾರದಿತ್ತು."

ಸಿದ್ದಮ್ಮ ತಲೆಯೆತ್ತಲಿಲ್ಲ. "ನೀವಂದ ಆ ಸುದ್ದಿ ಅವನೊಳ್ಗೆ ಕೂಗ್ತಿತ್ತಾ ಡಾಕ್ಟ್ರಮ್ಮ? ನನ್ನ ಕರೀತಿತ್ತಾ?"

ಡಾಕ್ಟರು ಸುಳ್ಳು ಹೇಳಬಹುದಿತ್ತು. "ಕೂಗ್ತಾನೇ ಇತ್ತು," ಎಂದರು. "ಎದೆಗೂ ಕೈಗೂ ಅದು ಮುಟ್ಟಲಿಲ್ಲ." ಆಮೇಲೆ, ಇಲ್ಲ ಎಂಬ ಉತ್ತರ ಬಂದರೆ ಸಾಕು ಎನ್ನುವಂತೆ, ಮೆಲ್ಲಗೆ ಕೇಳಿದರು. "ಬೆವರೂ ಬಂದಿರಲಿಲ್ಲ ಅಲ್ವಾ?"

"ಅವತ್ತು ಬಿಸ್ಲು ತಾಯಿ," ಎಂದ ಬೋರಲಿಂಗಯ್ಯ ಅವಸರದಲ್ಲಿ. "ಎಲ್ರೂ ಬೆವರ್ತಿದ್ವಿ. ಯಾರ್ಗ್ ಗೊತ್ತಾಯ್ತದೆ?"

ಸಿದ್ದಮ್ಮ ಅವನ ಮಾತು ಮುಗಿಯುವವರೆಗೆ ಕಾದಳು.

"ಬಂದಿತ್ತು ಕಣಮ್ಮ," ಎಂದಳು. "ನೆಂಟರ್ ಮುಂದೆ ಕೂತಾಗ್ಲೂ ಬಂತು, ಮಕ್ಕಂಡ್ಮೇಲೂ ಬಂತು. ಬಂದ್ ಬಂದಂಗೆ ನಾನೇ ಒರುಸ್ದೆ."